ಚರಿತ್ರೆಯ ಬೋಧನಕ್ರಮವೂ ಹೆಬ್ಬಾಳದ ವೀರಗಲ್ಲೂ: ಒಂದು ವಿಮರ್ಶೆ

೧

ಪಾಠಶಾಲೆಗಳಲ್ಲಿ ಬೋಧಿಸಲ್ಪಡುವ ವಿಷಯಗಳ ಪೈಕಿ ತನ್ನ ಪ್ರಮಾಣಗಳನ್ನು ವಿದ್ಯಾರ್ಥಿಗೆ ತೋರಿಸದೆ ಸಿದ್ಧಾಂತಗಳನ್ನು ಮಾತ್ರ ಒಪ್ಪಿಸುವಂಥದು ಬಹುಶಃ ಚರಿತ್ರೆಯೊಂದೇ. ಗಣಿತದ ಉಪಾಧ್ಯಾಯನು ಪ್ರಮೇಯವನ್ನು ಹೇಳಿದ ಮೇಲೆ ಅದರ ಸಾಧನೆಯನ್ನೂ ಹಲಗೆಯ ಮೇಲೆ ಬರೆಯುತ್ತಾನೆ. ರಸಾಯನಶಾಸ್ತ್ರದ ಉಪಾಧ್ಯಾಯನು, ಉಪಕರಣಗಳು ಎಷ್ಟೇ ಕಡಮೆಯಾಗಿದ್ದರೂ, ಒಂದೆರಡು ಪ್ರಯೋಗಗಳನ್ನಾದರೂ ಮಾಡಿ ತೋರಿಸುತ್ತಾನೆ. ಚರಿತ್ರೆಯ ತರಗತಿಯಲ್ಲಾದರೋ ಅರಸನ ಹೆಸರು, ಅವನು ಪಟ್ಟಕ್ಕೆ ಬಂದ ವರ್ಷ, ಗೆದ್ದ ಯುದ್ಧ, ಕಟ್ಟಿಸಿದ ಕೆರೆ ಇವೆಲ್ಲವೂ ಸಿದ್ಧವಸ್ತುಗಳಾಗಿ ಬಂದು ಸೇರುತ್ತವೆ. ಇವು ಹೇಗೆ ತಿಳಿದುವು, ಯಾರು ತಿಳಿಸಿದರು, ಆ ತಿಳಿವಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದೇ ಅಪರೂಪ. ಹೀಗಿರಲಾಗಿ, ಹತ್ತು ವರ್ಷ ಚರಿತ್ರೆಯನ್ನೋದಿ ಹೊರಬಂದವನು ಐತಿಹ್ಯವನ್ನೂ ಶಾಸನವನ್ನೂ ಊಹೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆಶ್ಚರ್ಯವೇನೂ ಇಲ್ಲ.

ಈ ಲೋಪವು ಕರ್ಣಾಟಕದಲ್ಲಿ ಮಾತ್ರ ವಿಶೇಷವಾಗಿ ಆಶ್ಚರ್ಯಕರವಾದುದು. ಏಕೆಂದರೆ ಮೈಸೂರು ದೇಶದ ಶಾಸನಶೋಧನೆಯು ಬೆಳೆದದ್ದೇ ಪಾಠಶಾಲೆಗಳ ದಾರಿಯಲ್ಲಿ. ಬಿ. ಎಲ್. ರೈಸ್ ಸಾಹೇಬರು ಮೊದಲು ಬೆಂಗಳೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಅನಂತರ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿ ಊರೂರಿನ ಪಾಠಶಾಲೆಗಳನ್ನು ತನಿಖೆ ಮಾಡುತ್ತ ಸಂಚರಿಸುತ್ತಿದ್ದಾಗ ದಾರಿಯಲ್ಲಿ ಕಂಡ ಶಿಲಾಲೇಖಗಳಲ್ಲಿ ಆಸಕ್ತಿಯನ್ನು ತಳೆದವರು. ಅವರ ಶ್ರಮದ ಫಲವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯು ೧೮೮೬ನೆಯ ಇಸವಿಯಿಂದ ೧೯೦೫ರ ವರೆಗೆ ಹನ್ನೆರಡು ಸಂಪುಟಗಳಾಗಿ ಹೊರಬಂದು, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಲೋಕದ ಮುಂದಿಟ್ಟಿತು. ಬೆಂಗಳೂರು ಜಿಲ್ಲೆಯ ಶಾಸನಗಳುಳ್ಳ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಪಾಠಶಾಲೆಗಳನ್ನು ನೋಡಹೋದವರು ಶಾಸನಗಳನ್ನು ಕಂಡರು. ಆ ಶಾಸನಗಳು ಮಾತ್ರ ತಿರುಗಿ ಪಾಠಶಾಲೆಯೊಳಕ್ಕೆ ಬರಲಿಲ್ಲ. ಬೆಂಗಳೂರಿನ ಉತ್ತರಭಾಗದಲ್ಲಿರುವ ಹೆಬ್ಬಾಳ, ಯಲಹಂಕ ಪ್ರದೇಶಗಳನ್ನು ದೃಷ್ಟಾಂತವಾಗಿಟ್ಟುಕೊಂಡು, ಈ ವಿಚ್ಛೇದದಿಂದ ಒದಗಿರುವ ನಷ್ಟವನ್ನೂ ಅದರ ಪರಿಹಾರವನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ರೂಢಿಯಲ್ಲಿರುವ ಬೋಧನಕ್ರಮಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅನುಕ್ರಮಣಿಕೆಯ ಮಾರ್ಗ. ರಾಜವಂಶಗಳನ್ನೂ ವರ್ಷಗಳನ್ನೂ ಸಾಲಾಗಿ ಹೇಳಿ ಬಾಯಿಪಾಠ ಮಾಡಿಸುವುದು ಇದರ ರೀತಿ. ಇದನ್ನು ಹಳಿಯುವುದು ಈಚೆಗೆ ಸುಲಭವಾದ ಮಾತಾಗಿದೆಯಾದರೂ, ಕಾಲದ ಪೌರ್ವಾಪರ್ಯವು ಮನಸ್ಸಿನಲ್ಲಿ ನೆಲೆಗೊಳ್ಳದೆ ಚರಿತ್ರೆಯೇ ಇಲ್ಲ. ಆದಕಾರಣ ಇದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಇದರ ದೋಷವು ವರ್ಷಗಳನ್ನು ಕಲಿಸುವುದರಲ್ಲಿಲ್ಲ, ಕಲಿತ ವರ್ಷಗಳಿಂದ ಏನನ್ನೂ ಮಾಡಿಸದಿರುವುದರಲ್ಲಿದೆ.

ಎರಡನೆಯದು ಆದರ್ಶಪುರುಷರ ಕಥಾಮಾರ್ಗ. ಬೆಂಗಳೂರಿನ ಬಾಲಕರಿಗೆ ಯಲಹಂಕದ ಪ್ರಭು ಹಿರಿಯ ಕೆಂಪೇಗೌಡನು ೧೫೩೭ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿ ಪೇಟೆಯನ್ನು ಸ್ಥಾಪಿಸಿದ ವೃತ್ತಾಂತವು ಈ ಮಾರ್ಗದಿಂದಲೇ ತಿಳಿಯಬರುತ್ತದೆ. ಕಥೆಗೆ ಬಾಲಮನಸ್ಸನ್ನು ಸೆಳೆಯುವ ಶಕ್ತಿಯುಂಟು. ಅದಿಲ್ಲದ ಪಾಠವು ನಿರ್ಜೀವವಾದುದು. ಆದರೆ ಕಥಾನಾಯಕನೊಬ್ಬನನ್ನು ಎತ್ತಿ ನಿಲ್ಲಿಸಿದಾಗ ಅವನಿಗಿಂತ ಹಿಂದಿನ ಕಾಲವೆಲ್ಲವೂ ಕತ್ತಲೆಯಾಗಿಬಿಡುತ್ತದೆ. ೧೫೩೭ಕ್ಕೆ ಮುಂಚೆ ಅಲ್ಲಿ ಕಾಡು ಮಾತ್ರವಿತ್ತೆಂದು ನಂಬಿರುವ ವಿದ್ಯಾವಂತರು ಈಗಲೂ ಕಡಮೆಯಿಲ್ಲ.

ಮೂರನೆಯದು ಆಧಾರಮಾರ್ಗ, ಎಂದರೆ ಶಾಸನ, ನಾಣ್ಯ, ಕಟ್ಟಡ, ಗ್ರಂಥ ಮೊದಲಾದುವುಗಳಿಂದ ಗತಕಾಲದ ಸಂಗತಿಗಳನ್ನು ನಿರ್ಣಯಿಸುವ ಕ್ರಮವನ್ನೇ ವಿದ್ಯಾರ್ಥಿಗೆ ಅಭ್ಯಾಸ ಮಾಡಿಸುವುದು. ಇದು ಪಠ್ಯಪುಸ್ತಕಗಳಿಗೆ ಅಪರಿಚಿತವೇನೂ ಅಲ್ಲ. ಕರ್ಣಾಟಕದ ಎಂಟನೆಯ ತರಗತಿಯ ಸಮಾಜವಿಜ್ಞಾನ ಪುಸ್ತಕದಲ್ಲಿ ಚರಿತ್ರೆಯ ಭಾಗವು ಆಧಾರಗಳ ಪಾಠದಿಂದಲೇ ಮೊದಲಾಗುತ್ತ ಬಂದಿದೆ. ಆದರೆ ಆ ಪಾಠವು ಆಧಾರಗಳ ವರ್ಗೀಕರಣವನ್ನು ಹೇಳಿ ವಿರಮಿಸುತ್ತದೆ: ಸಾಹಿತ್ಯಾಧಾರ, ಪುರಾತತ್ತ್ವಾಧಾರ, ಅವುಗಳಲ್ಲಿ ದೇಶೀಯ, ವಿದೇಶೀಯ ಇತ್ಯಾದಿ. ಮುಂದಿನ ಪಾಠಗಳಲ್ಲಿ ಆ ಆಧಾರಗಳಿಗೆ ಕೆಲಸವಿಲ್ಲ. ಆಯುಧಗಳ ಹೆಸರುಗಳನ್ನು ಹೇಳಿಕೊಟ್ಟು ಗರಡಿಯ ಬಾಗಿಲನ್ನು ಮುಚ್ಚಿದಂತೆ ಇದಾಗಿದೆ. ಹೀಗಾಗಿ ಆಧಾರಗಳೂ ಬಾಯಿಪಾಠದ ಮತ್ತೊಂದು ಪಟ್ಟಿಯಾಗಿ ಪರಿಣಮಿಸಿ, ಮೂರನೆಯ ಮಾರ್ಗವು ಮೊದಲನೆಯದರಲ್ಲಿಯೇ ಲೀನವಾಗಿಹೋಗಿದೆ.

೩

ಈ ಮೂರನೆಯ ಮಾರ್ಗವು ಕೈಗೂಡಬೇಕಾದರೆ ವಿದ್ಯಾರ್ಥಿಗೆ ಕಾಲ್ನಡೆಯ ದೂರದಲ್ಲಿರುವ ಒಂದು ಆಧಾರವು ಬೇಕು. ಹೆಬ್ಬಾಳದಲ್ಲಿ ಅಂಥದೊಂದು ಆಧಾರವು ದೊರೆತಿದೆ. ೨೦೧೮ರಲ್ಲಿ ಅಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಪ್ರಾಚೀನ ಕನ್ನಡ ಶಾಸನವುಳ್ಳ ವೀರಗಲ್ಲೊಂದು ಬೆಳಕಿಗೆ ಬಂದಿತು. ಗಂಗರ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊೞಲ್‌ನಾಡು ಮೂವತ್ತು ಎಂಬ ವಿಭಾಗಕ್ಕೆ ಸೇರಿದ ಕಿತ್ತಯ್ಯನೆಂಬವನು ರಟ್ಟವಾಡಿಯವರೊಡನೆ ನಡೆದ ಊರಳಿವಿನಲ್ಲಿ ಹೋರಾಡಿ ಮಡಿದನೆಂಬುದು ಅದರ ಸಾರಾಂಶ. ವಿದ್ವಾಂಸರು ಇದನ್ನು ಸುಮಾರು ಕ್ರಿ. ಶ. ೭೫೦ಕ್ಕೆ ಸೇರಿಸಿದ್ದಾರೆ, ಬೆಂಗಳೂರು ನಗರದಲ್ಲಿ ಈ ವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಎಣಿಸಲಾಗಿದೆ.

ಇಷ್ಟನ್ನು ಹೇಳಿ ‘ಅತ್ಯಂತ ಪ್ರಾಚೀನ’ ಎಂಬ ಮಾತಿನ ಕೆಳಗೆ ಗೆರೆಯೆಳೆಸಿದರೆ ಆ ಕಲ್ಲೂ ಪರೀಕ್ಷೆಯ ಒಂದಂಕದ ಪ್ರಶ್ನೆಯಾಗಿ ಮುಗಿದುಹೋಗುವುದು. ಉಪಾಧ್ಯಾಯನು ವಿವೇಕಿಯಾಗಿದ್ದರೆ ಅದರ ಮುಂದೆ ನಾಲ್ಕು ಪ್ರಶ್ನೆಗಳನ್ನು ಇಡಬಹುದು.

ಕಲ್ಲು ಏನನ್ನು ಹೇಳುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ದೊರೆಯ ಹೆಸರು, ನಾಡಿನ ಹೆಸರು, ಸತ್ತವನ ಹೆಸರು, ಸಾವಿನ ಸಂದರ್ಭ ಇವು ಶಾಸನದಲ್ಲಿಯೇ ಇವೆ. ಕಲ್ಲಿನಿಂದ ಏನನ್ನು ಊಹಿಸಬಹುದು ಎಂಬುದು ಎರಡನೆಯದು. ಕಾಲವು ಊಹಿತವಾದ ಸಂಗತಿ: ಶ್ರೀಪುರುಷನ ದೀರ್ಘವಾದ ಆಳ್ವಿಕೆ ಮತ್ತು ಲಿಪಿಯ ಸ್ವರೂಪ ಇವುಗಳಿಂದ ಅದನ್ನು ನಿರ್ಣಯಿಸಬೇಕಾಗುತ್ತದೆ. ಪೆರ್ಬೊೞಲ್ ಎಂಬುದೇ ಇಂದಿನ ಹೆಬ್ಬಾಳವೆಂಬುದೂ ಊಹೆಯೇ. ಆದರೆ ಬಲವಾದ ಊಹೆ. ಹಳಗನ್ನಡದ ಪದಾದಿಯ ಪಕಾರವು ಹಕಾರವಾಗುವುದನ್ನು ‘ಪಾಲ್’ ‘ಹಾಲು’ ಆದುದರಲ್ಲಿಯೂ, ‘ಪೊಳೆ’ ‘ಹೊಳೆ’ ಆದುದರಲ್ಲಿಯೂ ಪ್ರತಿಯೊಬ್ಬ ಬಾಲಕನೂ ಬಲ್ಲನು. ‘ಪೊೞಲ್’ ಎಂದರೆ ಪಟ್ಟಣ. ‘ಪೆರ್’ ಎಂದರೆ ಹಿರಿದು. ಕಲ್ಲು ದೊರೆತ ಸ್ಥಳವೂ ಈ ಊಹೆಗೆ ಸಾಕ್ಷಿಯಾಗಿದೆ. ಹೀಗೆ ವ್ಯಾಕರಣದ ಪಾಠವು ಚರಿತ್ರೆಯ ಪಾಠಕ್ಕೆ ನೆರವಾಗುವ ಅಪೂರ್ವಸಂದರ್ಭವಿದು.

ಯಾವುದು ಅನಿಶ್ಚಿತ ಎಂಬುದು ಮೂರನೆಯ ಪ್ರಶ್ನೆ. ನಾಡಿನ ಹೆಸರಿನ ಮುಂದಿರುವ ‘ಮೂವತ್ತು’ ಎಂಬ ಸಂಖ್ಯೆಯು ಹಳ್ಳಿಗಳ ಎಣಿಕೆಯೋ ಕಂದಾಯದ ಲೆಕ್ಕವೋ ಎಂಬ ವಿಷಯದಲ್ಲಿ, ಇಂಥ ಎಲ್ಲ ಸಂಖ್ಯೆಗಳ ಬಗೆಗೆ ಇರುವಂತೆ, ವಿದ್ವಾಂಸರಲ್ಲಿ ಮತಭೇದವುಂಟು. ರಟ್ಟವಾಡಿಯವರೆಂದರೆ ರಾಷ್ಟ್ರಕೂಟರ ಕಡೆಯವರೆಂದು ಗ್ರಹಿಸಲಾಗಿದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನು ಗಂಗವಾಡಿಯ ಮೇಲೆ ದಂಡೆತ್ತಿ ಬಂದು, ೭೬೮ರಲ್ಲಿ ಮಣ್ಣೆಯ ಬೀಡಿನಿಂದ ತಾಮ್ರಶಾಸನವೊಂದನ್ನು ಹೊರಡಿಸಿದನು. ಆ ಮಣ್ಣೆಯು ನೆಲಮಂಗಲ ತಾಲ್ಲೂಕಿನಲ್ಲಿದೆ, ಹೆಬ್ಬಾಳಕ್ಕೆ ಬಹು ದೂರವಲ್ಲ. ಕಿತ್ತಯ್ಯನು ಮಡಿದುದು ಈ ದಂಡಯಾತ್ರೆಯಲ್ಲಿಯೋ, ಅದಕ್ಕೆ ಮುಂಚಿನ ಯಾವುದಾದರೊಂದು ಗಡಿಕಲಹದಲ್ಲಿಯೋ? ಮೊದಲನೆಯದನ್ನು ಒಪ್ಪಿದರೆ ಕಲ್ಲಿನ ಕಾಲವನ್ನು ತುಸು ಮುಂದಕ್ಕೆ ತರಬೇಕಾಗುವುದು. ಎರಡನೆಯದನ್ನು ಒಪ್ಪಿದರೆ ಬೇರೆ ಆಧಾರವನ್ನು ಹುಡುಕಬೇಕಾಗುವುದು. ಹದಿನಾಲ್ಕು ವರ್ಷದ ವಿದ್ಯಾರ್ಥಿಯೂ ಈ ಪಕ್ಷಗಳೆರಡನ್ನೂ ಗ್ರಹಿಸಬಲ್ಲನು. ಇತ್ಯರ್ಥವಾಗದ ಪ್ರಶ್ನೆಯೊಂದನ್ನು ಇತ್ಯರ್ಥವಾಗದೆಯೇ ಇರಗೊಡುವ ಧೈರ್ಯವನ್ನು ಅವನು ಇಲ್ಲಿ ಕಲಿಯುತ್ತಾನೆ.

ಕಲ್ಲು ಏನನ್ನು ಹೇಳುವುದಿಲ್ಲ ಎಂಬುದು ನಾಲ್ಕನೆಯ ಪ್ರಶ್ನೆ. ಆ ಊರಿನ ಗದ್ದೆಗಳನ್ನು ಉಳುತ್ತಿದ್ದವರಾರು, ಊರಳಿದ ಮೇಲೆ ಹೆಂಗಸರು ಮಕ್ಕಳ ಗತಿಯೇನಾಯಿತು, ಕಲ್ಲನ್ನು ಕಡೆದ ಕೈ ಯಾರದು? ಶಾಸನದ ಮೌನವೂ ಚರಿತ್ರಕಾರನಿಗೆ ವಿಚಾರಣೀಯವೆಂಬುದು ಇದರಿಂದ ಮನದಟ್ಟಾಗುತ್ತದೆ. ದೊರೆಯ ಹೆಸರನ್ನು ಹೊತ್ತಿದ್ದರೂ ಈ ಕಲ್ಲು ನೆಟ್ಟದ್ದು ದೊರೆಗಾಗಿ ಅಲ್ಲ, ಊರಿಗಾಗಿ ಸತ್ತವನಿಗಾಗಿ ಎಂಬುದೂ ಗಮನಾರ್ಹವಾದುದು.

೪

ಐತಿಹ್ಯಗಳ ವಿಷಯದಲ್ಲಿ ಈ ಕ್ರಮವು ಇನ್ನೂ ಹೆಚ್ಚು ಪ್ರಯೋಜನಕಾರಿ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಅಲೆಯುತ್ತಿದ್ದಾಗ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿತ್ತು ಸತ್ಕರಿಸಿದಳೆಂದೂ, ಅದರಿಂದ ಊರಿಗೆ ಬೆಂದಕಾಳೂರೆಂಬ ಹೆಸರಾಗಿ ಬೆಂಗಳೂರಾಯಿತೆಂದೂ ಕಥೆಯುಂಟು. ಇದನ್ನು ಕೆಲವರು ಸತ್ಯವೆಂದು ಬೋಧಿಸುತ್ತಾರೆ. ಕೆಲವರು ಕಟ್ಟುಕಥೆಯೆಂದು ಬಿಟ್ಟುಬಿಡುತ್ತಾರೆ. ಎರಡೂ ವಿದ್ಯಾರ್ಥಿಯ ಬುದ್ಧಿಗೆ ಕೆಲಸವನ್ನು ಕೊಡುವುದಿಲ್ಲ. ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ೮೯೦ರ ವೀರಶಾಸನವೊಂದು ಬೆಂಗುಳೂರ ಕಾಳಗವನ್ನು ಹೆಸರಿಸುತ್ತದೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು ೧೧೭೩ರಲ್ಲಿ. ಈ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಉಪಾಧ್ಯಾಯನು ಮೌನವಾಗಿ ನಿಂತರೆ ಸಾಕು. ದೊರೆಯು ಹುಟ್ಟುವುದಕ್ಕೆ ಮುಂಚೆಯೇ ಊರಿಗೆ ಹೆಸರಿತ್ತೆಂಬುದನ್ನು ಮಕ್ಕಳೇ ಕಳೆಯುವ ಲೆಕ್ಕದಿಂದ ಸಾಧಿಸುವರು. ಬಾಯಿಪಾಠದ ವರ್ಷಗಳಿಗೆ ಆಗ ಮೊದಲಬಾರಿಗೆ ಪ್ರಯೋಜನವು ಕಾಣುವುದು.

ಕಥೆಯು ಅಷ್ಟಕ್ಕೇ ನಿರರ್ಥಕವಾಗುವುದಿಲ್ಲ. ಹೆಸರಿನ ನಿಜವಾದ ಮೂಲವು ಬೆಂಗವೆಂಬ ಮರವೋ, ಬೆಣಚುಕಲ್ಲೋ, ಮತ್ತೊಂದೋ ಎಂಬುದು ಇನ್ನೂ ಚರ್ಚಾಸ್ಪದವಾಗಿಯೇ ಇದೆ. ಅರಸನನ್ನು ಅತಿಥಿಯಾಗಿಯೂ ಬಡ ಮುದುಕಿಯನ್ನು ದಾತೃವಾಗಿಯೂ ಮಾಡಿದ ಈ ಕಥೆಯು, ಮುಂದಿನ ಕಾಲದ ಜನರು ತಮ್ಮ ಊರನ್ನು ಯಾವ ಭಾವದಿಂದ ಕಂಡರೆಂಬುದಕ್ಕೆ ಸಾಕ್ಷ್ಯವಾಗಿದೆ. ಐತಿಹ್ಯವು ತಾನು ಹೇಳುವ ಕಾಲಕ್ಕಲ್ಲ, ತಾನು ಹುಟ್ಟಿದ ಕಾಲಕ್ಕೆ ಪ್ರಮಾಣವೆಂಬ ಸೂತ್ರವನ್ನು ಇದಕ್ಕಿಂತ ಸುಲಭವಾಗಿ ಬೇರೆಲ್ಲಿಯೂ ಕಲಿಸಲಾಗದು.

ಯಲಹಂಕದ ಪ್ರಭುಗಳ ವಿಷಯದಲ್ಲಿಯೂ ಹೀಗೆಯೇ. ಹೆಬ್ಬಾಳದ ದಾರಿಯಲ್ಲಿ ಮೇಖ್ರಿ ವೃತ್ತದ ಸಮೀಪದಲ್ಲಿರುವ ಗೋಪುರವೂ ಲಾಲ್‌ಬಾಗು, ಕೆಂಪಾಂಬುಧಿ, ಹಲಸೂರುಗಳಲ್ಲಿರುವ ಅದರ ಮೂರು ಜೊತೆಗಳೂ ನಗರದ ಎಲ್ಲೆಯನ್ನು ಸೂಚಿಸುವುದಕ್ಕಾಗಿ ಕಟ್ಟಲ್ಪಟ್ಟುವೆಂದು ಪ್ರತೀತಿ. ಅವುಗಳನ್ನು ಹಿರಿಯ ಕೆಂಪೇಗೌಡನಿಗೆ ಹೇಳುವವರೂ, ಅವನ ವಂಶದ ಇಮ್ಮಡಿ ಕೆಂಪೇಗೌಡನಿಗೆ ಹೇಳುವವರೂ ಇದ್ದಾರೆ. ಕೋಟೆಯ ಬಾಗಿಲು ನಿಲ್ಲುವುದಕ್ಕಾಗಿ ಸೊಸೆ ಲಕ್ಷ್ಮಮ್ಮನು ಪ್ರಾಣವನ್ನರ್ಪಿಸಿದ ವೃತ್ತಾಂತವು ಐತಿಹ್ಯ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ವಶಪಡಿಸಿಕೊಂಡ ಮೇಲೆ ಈ ಪ್ರಭುಗಳು ಮಾಗಡಿಯನ್ನಾಶ್ರಯಿಸಿದರೆಂಬುದು ಚರಿತ್ರೆ. ೨೦೧೩ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಕೆಂಪೇಗೌಡನ ಹೆಸರಿಟ್ಟುದೂ, ೨೦೨೨ರಲ್ಲಿ ಅಲ್ಲಿ ನೂರ ಎಂಟು ಅಡಿಗಳ ಪ್ರತಿಮೆಯನ್ನು ನಿಲ್ಲಿಸಿದುದೂ ನಮ್ಮ ಕಾಲದ ಚರಿತ್ರೆ. ಇವುಗಳಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ. ಯಾವುದು ಯಾವ ಜಾತಿಯ ಮಾತೆಂಬುದನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯಕ. ಬೆಂಗಳೂರನ್ನು ಕಟ್ಟಿದ ಪ್ರಭುಗಳ ಯಲಹಂಕವು, ೧೫೩೭ರಿಂದ ೪೭೦ ವರ್ಷಗಳಾದ ಮೇಲೆ, ೨೦೦೭ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಮಗಳ ಮನೆಯಲ್ಲಿ ತಾಯಿಯು ಒಂದು ಕೋಣೆಯಾದ ಈ ಪರಿಯು ನಗರಗಳ ಬೆಳವಣಿಗೆಯನ್ನು ತಿಳಿಸುವ ಉತ್ತಮ ಪಾಠವಾಗಬಲ್ಲದು.

ಇನ್ನೊಂದು ಸಂಗತಿಯಿದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಯಲಹಂಕನಾಡು ಇಲೈಪ್ಪಾಕ್ಕನಾಡೆಂದು ಕರೆಯಲ್ಪಟ್ಟಿದೆ. ಎಂಟನೆಯ ಶತಮಾನದಲ್ಲಿ ಕನ್ನಡದ ವೀರಗಲ್ಲನ್ನು ನೆಟ್ಟ ಸೀಮೆಯಲ್ಲಿಯೇ ಹನ್ನೊಂದನೆಯ ಶತಮಾನದ ಆಡಳಿತವು ತಮಿಳಿನಲ್ಲಿ ಬರೆಯಿಸಿತು. ಇಂದು ಆರ್. ಟಿ. ನಗರ, ಯಶವಂತಪುರಗಳ ತರಗತಿಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿಗಳನ್ನಾಡುವ ಮನೆಗಳ ಮಕ್ಕಳು ಒಂದೇ ಹಲಗೆಯ ಮುಂದೆ ಕುಳಿತಿರುತ್ತಾರೆ. ಇವರಲ್ಲಿ ಅನೇಕರಿಗೆ ರಾಜವಂಶಗಳ ಪಟ್ಟಿಯು ಪರರ ಮನೆಯ ವಂಶವೃಕ್ಷದಂತೆ ತೋರಿದರೆ ತಪ್ಪಿಲ್ಲ. ಆದರೆ ತಾವು ನಿತ್ಯವೂ ನಡೆಯುವ ಬೀದಿಯ ಕಲ್ಲು ಯಾರ ಮನೆಯ ಸ್ವತ್ತೂ ಅಲ್ಲ. ಅದನ್ನು ಓದಲು ಕಲಿತವರೆಲ್ಲರ ಸ್ವತ್ತು.

೫

ಈ ಕ್ರಮಕ್ಕೆ ಹೇಳಬಹುದಾದ ಆಕ್ಷೇಪಣೆಗಳನ್ನು ಉಪೇಕ್ಷಿಸತಕ್ಕದ್ದಲ್ಲ. ಆಧಾರಗಳ ಚೂರುಪಾರುಗಳಲ್ಲಿ ಮುಳುಗಿದ ವಿದ್ಯಾರ್ಥಿಗೆ ಕಥೆಯ ಒಟ್ಟಂದವು ತಪ್ಪಿಹೋಗುವುದೆಂಬುದು ಮುಖ್ಯವಾದ ಆಕ್ಷೇಪಣೆ. ಇದು ಕೇವಲ ಊಹೆಯಲ್ಲ. ಇಂಗ್ಲೆಂಡಿನ ಲೀಡ್ಸಿನಲ್ಲಿ ೧೯೭೨ರಲ್ಲಿ ಮೊದಲಾದ ಪಾಠಶಾಲಾಚರಿತ್ರೆಯ ಯೋಜನೆಯು ಹದಿಮೂರರಿಂದ ಹದಿನಾರು ವರ್ಷಗಳ ವಿದ್ಯಾರ್ಥಿಗಳಿಗೆ ಪ್ರಮಾಣವಿಮರ್ಶೆಯನ್ನೇ ಪ್ರಧಾನವಾಗಿ ಕಲಿಸಹೊರಟಿತು. ಮಕ್ಕಳು ಪ್ರಮಾಣಗಳನ್ನು ತೂಗಿನೋಡಬಲ್ಲರೆಂಬುದು ಅದರಿಂದ ಸಿದ್ಧವಾಯಿತು. ಆದರೆ ಕಾಲಾಂತರದಲ್ಲಿ, ನಾಲ್ಕು ಸಾಲಿನ ಉದ್ಧೃತಭಾಗವನ್ನು ಕೊಟ್ಟು ‘ಇದು ಪಕ್ಷಪಾತದಿಂದ ಕೂಡಿದೆಯೆ?’ ಎಂದು ಕೇಳುವ ಯಾಂತ್ರಿಕ ಅಭ್ಯಾಸವು ಪರೀಕ್ಷೆಗಳಲ್ಲಿ ನುಗ್ಗಿತೆಂದೂ, ಕಾಲದ ಸಮಗ್ರಚಿತ್ರವು ವಿದ್ಯಾರ್ಥಿಗಳಿಗೆ ದಕ್ಕಲಿಲ್ಲವೆಂದೂ ಅಲ್ಲಿಯವರೇ ಟೀಕಿಸಿದರು. ಭಾರತದಲ್ಲಿ ಮಧ್ಯಪ್ರದೇಶದ ಏಕಲವ್ಯ ಸಂಸ್ಥೆಯು ೧೯೮೦ರ ದಶಕದಲ್ಲಿ ಸಿದ್ಧಪಡಿಸಿದ ಸಮಾಜವಿಜ್ಞಾನದ ಪುಸ್ತಕಗಳು ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿದುವು. ಅವು ಕಥನವನ್ನು ಬಿಡದೆ, ಕಥನದ ನಡುನಡುವೆ ನಿಂತು ಪ್ರಶ್ನಿಸುವ ಕ್ರಮವನ್ನು ಹಿಡಿದುವು. ರಾಷ್ಟ್ರೀಯ ಪಠ್ಯಕ್ರಮದ ೨೦೦೫ರ ಚೌಕಟ್ಟಿನ ತರುವಾಯ ಬಂದ ಹನ್ನೆರಡನೆಯ ತರಗತಿಯ ಕೇಂದ್ರಪಠ್ಯಪುಸ್ತಕವೂ ಮೂಲಾಧಾರಗಳ ಭಾಗಗಳನ್ನು ಪಾಠದೊಳಗೇ ಅಚ್ಚು ಮಾಡಿತು.

ಆದುದರಿಂದ ಕಥನವನ್ನು ಕಿತ್ತು ಆಧಾರವನ್ನು ನೆಡುವುದು ಪರಿಹಾರವಲ್ಲ. ಗಂಗರ ಕಥೆಯನ್ನು ಅರಿಯದವನಿಗೆ ಕಿತ್ತಯ್ಯನ ಕಲ್ಲು ಮೂಕವಾದುದು; ಕಿತ್ತಯ್ಯನ ಕಲ್ಲನ್ನು ಕಾಣದವನಿಗೆ ಗಂಗರ ಕಥೆಯು ಬರಿಯ ಶಬ್ದ. ವರ್ಷದುದ್ದದ ಪಾಠಗಳಲ್ಲಿ ಎರಡು ಮೂರನ್ನು ಮಾತ್ರ ಆರಿಸಿಕೊಂಡು, ಅವುಗಳನ್ನು ಆಧಾರದ ಬುಡದಿಂದ ಸಿದ್ಧಾಂತದ ತುದಿಯ ವರೆಗೆ ನಡೆಯಿಸಿ ತೋರಿಸಿದರೆ ಸಾಕು. ಉಳಿದ ಪಾಠಗಳೂ ಹೀಗೆಯೇ ಸಿದ್ಧವಾದುವೆಂಬ ಅರಿವು ತಾನಾಗಿಯೇ ಉಂಟಾಗುವುದು.

ಉಪಾಧ್ಯಾಯರಿಗೆ ಹಳಗನ್ನಡದ ಲಿಪಿ ಬಾರದು, ಸಾಧನಗಳಿಲ್ಲ ಎಂಬುದು ಮತ್ತೊಂದು ಆಕ್ಷೇಪಣೆ. ಇದಕ್ಕೆ ಹಿಂದೆ ಬಲವಿತ್ತು, ಈಗ ಅಷ್ಟಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಕೈಗೊಂಡ ಯೋಜನೆಯಿಂದ ನಗರದ ಸುತ್ತಣ ಶಾಸನಗಳ ಮೂರು ಆಯಾಮಗಳ ಪ್ರತಿರೂಪಗಳು ಗಣಕಯಂತ್ರದ ಮೂಲಕ ಸಿದ್ಧವಾಗಿವೆ. ಸವೆದ ಅಕ್ಷರಗಳೂ ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಶಾಸನಪಾಠವನ್ನು ಪಂಡಿತರು ಓದಿಕೊಟ್ಟಿರುವಾಗ, ಅದರಿಂದ ಪ್ರಶ್ನೆಗಳನ್ನೆತ್ತುವುದಕ್ಕೆ ಲಿಪಿತಜ್ಞತೆಯು ಬೇಕಾಗಿಲ್ಲ.

ಕಾಲೇಜುಗಳ ಹೊಣೆಯು ಇಲ್ಲಿ ಹೆಚ್ಚಿನದು. ಶಾಸನಶಾಸ್ತ್ರವು ಅಲ್ಲಿ ಐಚ್ಛಿಕಪತ್ರಿಕೆಯಾಗಿ ಕೆಲವರಿಗೆ ಮಾತ್ರ ದೊರೆಯುತ್ತದೆ. ಉಳಿದವರು ಟಿಪ್ಪಣಿಗಳನ್ನು ನೆಚ್ಚಿ ಪದವಿಯನ್ನು ಪಡೆದು, ಅದೇ ಟಿಪ್ಪಣಿಗಳೊಡನೆ ಪಾಠಶಾಲೆಗಳಿಗೆ ಉಪಾಧ್ಯಾಯರಾಗಿ ಹಿಂತಿರುಗುತ್ತಾರೆ. ಪದವಿಯ ವಿದ್ಯಾರ್ಥಿಯೊಬ್ಬೊಬ್ಬನೂ ತನ್ನ ಊರಿನ ಒಂದು ಶಾಸನವನ್ನೋ ಒಂದು ಕೆರೆಯನ್ನೋ ಕುರಿತು, ಲಿಖಿತಾಧಾರವನ್ನೂ ಊರಿನವರ ಹೇಳಿಕೆಯನ್ನೂ ಹೋಲಿಸಿ, ಹತ್ತು ಪುಟಗಳನ್ನು ಸ್ವಂತವಾಗಿ ಬರೆಯಬೇಕೆಂದು ವಿಧಿಸಿದರೆ ಈ ಚಕ್ರವು ಮುರಿಯುವುದು.

೬

ಇದು ಕೇವಲ ಬೋಧನಶಾಸ್ತ್ರದ ಸೂಕ್ಷ್ಮವಲ್ಲವೆಂಬುದಕ್ಕೆ ಈಚಿನ ವರ್ಷಗಳೇ ಸಾಕ್ಷಿ. ಕರ್ಣಾಟಕದ ಪಠ್ಯಪುಸ್ತಕಗಳು ೨೦೨೨ರಲ್ಲಿ ಪರಿಷ್ಕೃತವಾದುವು. ಸರ್ಕಾರವು ಬದಲಾದ ಮೇಲೆ ೨೦೨೩ರಲ್ಲಿ ಆ ಪರಿಷ್ಕರಣದ ಕೆಲವು ಭಾಗಗಳನ್ನು ಕೈಬಿಡಲಾಯಿತು. ಎರಡು ಸಂದರ್ಭಗಳಲ್ಲಿಯೂ ದೊಡ್ಡ ವಿವಾದವೆದ್ದಿತು. ಯಾರ ಹೆಸರಿರಬೇಕು, ಯಾರ ಹೆಸರಿರಬಾರದು, ಯಾರಿಗೆ ಎಷ್ಟು ಪುಟ ಎಂಬುದೇ ಆ ವಿವಾದದ ಬಹುಭಾಗ. ಪುಸ್ತಕದಲ್ಲಿರುವ ಮಾತನ್ನು ವಿದ್ಯಾರ್ಥಿಯು ಹೇಗೆ ಪರೀಕ್ಷಿಸಬೇಕೆಂಬ ಪ್ರಶ್ನೆಗೆ ಅಲ್ಲಿ ಎಡೆಯೇ ದೊರೆಯಲಿಲ್ಲವೆನ್ನಬಹುದು. ಹೋರಾಡಿದ ಪಕ್ಷಗಳೆಲ್ಲವೂ ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯವುಳ್ಳವಾಗಿದ್ದುವು: ಪುಸ್ತಕದಲ್ಲಿ ಅಚ್ಚಾದುದನ್ನು ಬಾಲಕನು ನಂಬಿಯೇ ನಂಬುವನು. ಈ ನಂಬಿಕೆಯು ಇರುವ ವರೆಗೆ ಪಠ್ಯಪುಸ್ತಕವು ಪ್ರತಿಯೊಂದು ಸರ್ಕಾರಕ್ಕೂ ಗೆಲ್ಲಬೇಕಾದ ಕೋಟೆಯಾಗಿಯೇ ಉಳಿಯುವುದು. ಪ್ರಮಾಣವನ್ನು ಕೇಳಲು ಕಲಿತ ವಿದ್ಯಾರ್ಥಿಗೆ ಪುಸ್ತಕವು ಬದಲಾದರೂ ಬುದ್ಧಿಯು ಬದಲಾಗುವುದಿಲ್ಲ.

ಚರಿತ್ರೆಯ ಜ್ಞಾನವೇ ಬದಲಾಗತಕ್ಕದ್ದೆಂಬುದನ್ನೂ ಮರೆಯಲಾಗದು. ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನವೇ ಕನ್ನಡದ ಮೊದಲನೆಯದೆಂದು ಹಲವು ತಲೆಮಾರುಗಳು ಓದಿದುವು. ತಾಳಗುಂದದಲ್ಲಿ ಈಚೆಗೆ ದೊರೆತ ಶಾಸನವು ಅದಕ್ಕಿಂತ ಹಿಂದಿನದೆಂಬ ವಾದವು ಈಗ ಬಂದಿದೆ. ಹೆಬ್ಬಾಳದ ಕಲ್ಲೂ ನಾಳೆ ತನ್ನ ಸ್ಥಾನವನ್ನು ಮತ್ತೊಂದಕ್ಕೆ ಬಿಟ್ಟುಕೊಡಬಹುದು. ಫಲಗಳನ್ನು ಮಾತ್ರ ಕಲಿತವನಿಗೆ ಇದು ಗೊಂದಲ. ಮಾರ್ಗವನ್ನು ಕಲಿತವನಿಗೆ ಇದೇ ಚರಿತ್ರೆಯ ಜೀವಲಕ್ಷಣ.

ಸುಧಾರಣೆಯು ಎಲ್ಲಿಂದ ಮೊದಲಾಗಬೇಕೆಂದರೆ, ಪರೀಕ್ಷೆಯಿಂದ. ಪರೀಕ್ಷೆಯು ಕೇಳದುದನ್ನು ತರಗತಿಯು ಕಲಿಸುವುದಿಲ್ಲವೆಂಬುದು ಅನುಭವಸಿದ್ಧವಾದ ಮಾತು. ‘ಬೆಂಗಳೂರನ್ನು ಸ್ಥಾಪಿಸಿದವರು ಯಾರು?’ ಎಂಬ ಒಂದಂಕದ ಪ್ರಶ್ನೆಯಿರಲಿ. ಅದರ ಪಕ್ಕದಲ್ಲಿ ‘೧೫೩೭ಕ್ಕೆ ಮುಂಚೆ ಈ ಪ್ರದೇಶದಲ್ಲಿ ಜನವಸತಿಯಿತ್ತೆಂದು ತಿಳಿಯುವ ಬಗೆ ಹೇಗೆ?’ ಎಂಬ ಐದಂಕದ ಪ್ರಶ್ನೆಯೂ ಇರಲಿ. ಎರಡನೆಯದಕ್ಕೆ ಉತ್ತರವನ್ನು ಬರೆಯಬೇಕಾದ ವಿದ್ಯಾರ್ಥಿಯು ಹೆಬ್ಬಾಳದ ಕಲ್ಲಿನ ಮುಂದೆ ಒಮ್ಮೆಯಾದರೂ ನಿಲ್ಲುವನು. ಕಾಮಗಾರಿಗಳಿಂದ ನೆಲವೆಲ್ಲವೂ ತಿರುವಿಬೀಳುತ್ತಿರುವ ಈ ಸೀಮೆಯಲ್ಲಿ, ಗುದ್ದಲಿಗೆ ತಾಗಿದ ಕಲ್ಲಿನ ಮೇಲೆ ಅಕ್ಷರವನ್ನು ಕಂಡು ಕೆಲಸವನ್ನು ನಿಲ್ಲಿಸಿರೆಂದು ಹೇಳಬಲ್ಲವರು ಬೇಕಾಗಿದ್ದಾರೆ. ಅಂಥವರನ್ನು ಸಿದ್ಧಗೊಳಿಸುವ ಕಾರ್ಯವು ಪಾಠಶಾಲೆಯದೇ ಹೊರತು ಪುರಾತತ್ತ್ವ ಇಲಾಖೆಯೊಂದರದೇ ಅಲ್ಲ.